ನೂಟ್ರೋಪಿಕ್ ಮಾತ್ರೆ, ಧ್ಯಾನ ಮತ್ತು ತಲೆಯಲ್ಲಾಗುವ ವಿಚಿತ್ರ ಅನುಭವಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನೂಟ್ರೋಪಿಕ್ ಸಪ್ಲಿಮೆಂಟ್, ಅಂದರೆ ನೆನಪು, ಕಲಿಕೆ ಹೆಚ್ಚಿಸುತ್ತದೆ ಎಂದು ಮಾರುವ ಮಾತ್ರೆ, ಪುಡಿ ತೆಗೆದುಕೊಳ್ಳುತ್ತಲೇ ಧ್ಯಾನ, ಪ್ರಾಣಾಯಾಮ ಮಾಡುವವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಬಗೆಯವು. ನೆತ್ತಿ ಜುಮ್ಮೆನ್ನುತ್ತದೆ, ಹುಬ್ಬಿನ ನಡುವೆ ಒತ್ತಿದಂತಾಗುತ್ತದೆ, ತಲೆ ಕಾಯುತ್ತದೆ, ಒಳಗೆ ಏನೋ ಗುಂಯ್‌ಗುಡುತ್ತದೆ. ಕೆಲವರು ಇದಕ್ಕೆ ‘ಶಕ್ತಿ ಏರುತ್ತಿದೆ, ಮುಂದುವರಿಸಿ’ ಎನ್ನುತ್ತಾರೆ. ಇನ್ನು ಕೆಲವರು ‘ನರಕ್ಕೆ ಪೆಟ್ಟಾಗಿದೆ, ಇವತ್ತೇ ಸ್ಕ್ಯಾನ್ ಮಾಡಿಸಿ’ ಎಂದು ಹೆದರಿಸುತ್ತಾರೆ. ಎರಡೂ ಆತುರದ ಮಾತು. ಮಾತ್ರೆ, ಕಾಫಿ, ಉಸಿರು, ನಿದ್ದೆ, ಕತ್ತಿನ ಸ್ನಾಯು, ಗಮನ ಎಲ್ಲ ಒಟ್ಟಿಗೆ ಕೆಲಸ ಮಾಡುತ್ತಿರುವಾಗ ಒಂದೊಂದನ್ನೇ ಬೇರೆ ಮಾಡಿ ನೋಡದೆ ಕಾರಣ ಹೇಳಲು ಯಾರಿಗೂ ಆಗದು.

ಧ್ಯಾನಕ್ಕೆ ಕೂತರೆ ಮಿದುಳಿನೊಳಗೇ ಏನೋ ಹರಿದಾಡಿದಂತಾಗುತ್ತದೆ. ಮಿದುಳಿಗೆ ಏನಾದರೂ ಆಗುತ್ತಿದೆಯೇ?

ಮಿದುಳಿನ ಅಂಗಾಂಶಕ್ಕೆ ನೋವು ತಿಳಿಯುವ ನರತುದಿಗಳೇ ಇಲ್ಲ. ಕೆಲವು ಮಿದುಳು ಶಸ್ತ್ರಚಿಕಿತ್ಸೆಗಳನ್ನು ರೋಗಿ ಎಚ್ಚರವಾಗಿದ್ದು ಮಾತನಾಡುತ್ತಿರುವಾಗಲೇ ಮಾಡಲು ಸಾಧ್ಯವಾಗುವುದು ಇದರಿಂದಲೇ. ತಲೆಯಲ್ಲಿ ನಮಗೆ ತಿಳಿಯುವ ಒತ್ತಡ, ಬಿಸಿ, ಜುಮ್ಮುಗಳು ಹೆಚ್ಚಾಗಿ ನೆತ್ತಿಯ ಚರ್ಮ, ಹಣೆ, ದವಡೆ ಮತ್ತು ಕತ್ತಿನ ಸ್ನಾಯು, ರಕ್ತನಾಳ, ಮಿದುಳನ್ನು ಸುತ್ತಿದ ಪೊರೆ ಇವುಗಳಿಂದ ಬರುತ್ತವೆ. ಮುಖ ಮತ್ತು ತಲೆಯ ಮುಂಭಾಗದ ಸುದ್ದಿಯನ್ನು ಟ್ರೈಜೆಮಿನಲ್ ನರ ಹೊತ್ತು ತರುತ್ತದೆ, ತಲೆಯ ಹಿಂಭಾಗದ ಸುದ್ದಿಯನ್ನು ಕತ್ತಿನ ಮೇಲ್ಭಾಗದ ನರಗಳು. ಎರಡೂ ಮಿದುಳಿನ ಕಾಂಡದ ಹತ್ತಿರ ಒಂದೆಡೆ ಸೇರುವುದರಿಂದ ಕತ್ತಿನ ಬಿಗಿತ ಕಣ್ಣಿನ ಹಿಂದೆ ನೋವಾಗಿ ಕಾಣಿಸುವುದುಂಟು. ಹಾಗಾಗಿ ‘ಒಳಗೆ’ ಅನಿಸಿದ ಮಾತ್ರಕ್ಕೆ ಅದು ಒಳಗಿನದೇ ಆಗಿರಬೇಕಿಲ್ಲ. ಬಹುಪಾಲು ಇಂಥ ಅನುಭವಗಳಿಂದ ಅಪಾಯವಿಲ್ಲ. ಆದರೂ ಮುಂದಿನ ಉತ್ತರವನ್ನು ಓದದೆ ಬಿಡಬೇಡಿ.

ಯಾವ ಲಕ್ಷಣ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು?

ಸಿಡಿಲು ಹೊಡೆದಂತೆ ಶುರುವಾಗಿ ಒಂದು ನಿಮಿಷದೊಳಗೆ ತಾರಕಕ್ಕೇರುವ ತಲೆನೋವು. ಮುಖ ಒಂದು ಕಡೆ ಸೊಟ್ಟಗಾಗುವುದು, ಒಂದು ಕೈಯೋ ಕಾಲೋ ಸೋಲುವುದು, ಮಾತು ತೊದಲುವುದು. ದೃಷ್ಟಿ ಮಂಕಾಗುವುದು, ಒಂದು ವಸ್ತು ಎರಡಾಗಿ ಕಾಣುವುದು. ಜ್ವರದ ಜೊತೆ ಕತ್ತು ಬಗ್ಗಿಸಲಾಗದಿರುವುದು. ಫಿಟ್ಸ್, ಪ್ರಜ್ಞೆ ತಪ್ಪುವುದು, ತಲೆಗೆ ಪೆಟ್ಟು ಬಿದ್ದ ಮೇಲೆ ಶುರುವಾದ ನೋವು. ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ. ಪಾರ್ಶ್ವವಾಯುವಿನಲ್ಲಿ ರಕ್ತ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ‘ಧ್ಯಾನದಿಂದ ಆಗಿರಬಹುದು, ಮಲಗಿದರೆ ಹೋಗುತ್ತದೆ’ ಎಂದು ಮಲಗಿದರೆ ಆ ಅವಕಾಶ ಕೈತಪ್ಪುತ್ತದೆ.

ತುರ್ತು ಅಲ್ಲದಿದ್ದರೂ ಬೇಗ ತೋರಿಸಬೇಕಾದವು ಇವು: 50 ದಾಟಿದ ಮೇಲೆ ಹೊಸದಾಗಿ ಶುರುವಾದ ತಲೆನೋವು, ಮಲಗಿದಾಗ ಅಥವಾ ಕೆಮ್ಮಿದಾಗ ಹೆಚ್ಚಾಗುವ ನೋವು, ವಾರದಿಂದ ವಾರಕ್ಕೆ ಏರುತ್ತಲೇ ಹೋಗುವ ನೋವು.

ನೂಟ್ರೋಪಿಕ್ ಎಂದರೆ ನಿಖರವಾಗಿ ಯಾವುದು?

ಬೆಲ್ಜಿಯಂನ ಯುಸಿಬಿ ಕಂಪನಿಯಲ್ಲಿ 1964ರಲ್ಲಿ ಪಿರಾಸೆಟಮ್ ತಯಾರಿಸಿದ ರೊಮೇನಿಯಾ ಮೂಲದ ವಿಜ್ಞಾನಿ ಕಾರ್ನೆಲಿಯು ಜುರ್ಜಿಯಾ 1972ರಲ್ಲಿ ಈ ಹೆಸರಿಟ್ಟರು. ಕಲಿಕೆ, ನೆನಪು ಹೆಚ್ಚಿಸಬೇಕು, ಅಡ್ಡಪರಿಣಾಮ ತೀರ ಕಡಿಮೆ ಇರಬೇಕು ಎಂಬುದು ಅವರ ಷರತ್ತು. ಈಗ ಈ ಹೆಸರಿನಲ್ಲಿ ಮಾರಾಟವಾಗುವ ಹಲವು ಸರಕುಗಳು ಆ ಷರತ್ತನ್ನು ಪೂರೈಸುವುದಿಲ್ಲ. ಕೆಫೀನ್, ಥಿಯಾನೀನ್, ಬ್ರಾಹ್ಮಿ, ಅಶ್ವಗಂಧ, ಗಿಂಕೊ, ಜೀವಸತ್ವಗಳು ಒಂದು ಕಡೆ. ಪಿರಾಸೆಟಮ್, ಸಿಟಿಕೋಲಿನ್, ಮೊಡಾಫಿನಿಲ್‌ನಂಥ ಔಷಧಗಳು ಇನ್ನೊಂದು ಕಡೆ. ಇವು ನಮ್ಮಲ್ಲಿ ವೈದ್ಯರು ನಿರ್ದಿಷ್ಟ ಕಾಯಿಲೆಗಳಿಗೆ ಬರೆಯುವಂಥವು. ಗೆಳೆಯ ಕೊಟ್ಟನೆಂದು ನುಂಗುವ ಮೊಡಾಫಿನಿಲ್ ಸಪ್ಲಿಮೆಂಟ್ ಅಲ್ಲ. ಅದರ ಪ್ರಯೋಗಗಳಲ್ಲಿ ಶೇ 34 ಜನರಿಗೆ ತಲೆನೋವು ಬಂದಿತ್ತು. ಔಷಧವೇ ಇಲ್ಲದ ಖಾಲಿ ಮಾತ್ರೆ ಪಡೆದವರಲ್ಲೂ ಶೇ 23 ಜನರಿಗೆ ಬಂದಿತ್ತು, ಆ ಎರಡನೇ ಅಂಕಿಯನ್ನೂ ನೆನಪಿಡಿ. ಏನನ್ನೋ ನುಂಗಿದ್ದೇವೆ ಎಂಬ ಅರಿವೇ ತಲೆಯ ಕಡೆ ಗಮನ ಎಳೆಯುತ್ತದೆ.

ಕ್ಯಾಪ್ಸೂಲ್ ನುಂಗಿ ಧ್ಯಾನಕ್ಕೆ ಕೂತ ಇಪ್ಪತ್ತು ನಿಮಿಷಕ್ಕೆ ಮುಖ, ಕಿವಿ, ನೆತ್ತಿ ಬಿಸಿಯಾಗಿ ಚುಚ್ಚಿದಂತಾಗುತ್ತದೆ. ಇದು ಕುಂಡಲಿನಿಯೇ?

ಮೊದಲು ಡಬ್ಬಿಯನ್ನು ತಿರುಗಿಸಿ ಹಿಂಬದಿ ಓದಿ. ನಯಾಸಿನ್ ಅಥವಾ ನಿಕೋಟಿನಿಕ್ ಆಸಿಡ್ ಎಂದಿದೆಯೇ? ಅದು ಬಿ3 ಜೀವಸತ್ವದ ಒಂದು ರೂಪ. ಸುಮಾರು 30ರಿಂದ 50 ಮಿ.ಗ್ರಾಂ ದಾಟಿದರೆ ಹಲವರಿಗೆ 15ರಿಂದ 30 ನಿಮಿಷದಲ್ಲಿ ಮುಖ, ಕತ್ತು, ಎದೆಯ ಮೇಲ್ಭಾಗ ಕೆಂಪಾಗಿ ಉರಿಯುತ್ತದೆ, ತುರಿಸುತ್ತದೆ. ಚರ್ಮದಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು ಬಿಡುಗಡೆಯಾಗಿ ಸಣ್ಣ ರಕ್ತನಾಳಗಳು ಹಿಗ್ಗುವುದರಿಂದ ಹೀಗಾಗುತ್ತದೆ. ಸಾಮಾನ್ಯವಾಗಿ ಒಂದು ಗಂಟೆಯ ಆಸುಪಾಸಿನಲ್ಲಿ ತಾನೇ ಇಳಿಯುತ್ತದೆ. ಕನ್ನಡಿಯಲ್ಲಿ ನೋಡಿಕೊಂಡರೆ ಚರ್ಮ ನಿಜಕ್ಕೂ ಕೆಂಪಾಗಿರುತ್ತದೆ, ಕಪ್ಪು ಮೈಬಣ್ಣದವರಿಗೆ ಕೆಂಪು ಕಾಣದಿದ್ದರೂ ಕೈಗೆ ಬಿಸಿ ತಿಳಿಯುತ್ತದೆ. ನಯಾಸಿನಮೈಡ್ ಎಂಬ ಇನ್ನೊಂದು ರೂಪದಲ್ಲಿ ಈ ಉರಿ ಇರುವುದಿಲ್ಲ.

ಡಬ್ಬಿ ಕೈಯಲ್ಲಿದ್ದಾಗಲೇ ಇನ್ನೂ ಮೂರು ವಿಷಯ ನೋಡಿ. ಒಂದು, ‘ಸರ್ವಿಂಗ್’ ಅಂದರೆ ಎಷ್ಟು ಕ್ಯಾಪ್ಸೂಲ್? ಎರಡಕ್ಕೆ ಕೊಟ್ಟ ಅಂಕಿಯನ್ನು ಒಂದರದ್ದೆಂದು ಓದಿಕೊಂಡವರು ಬಹಳ. ಎರಡು, ಗ್ವಾರಾನಾ, ಗ್ರೀನ್ ಟೀ ಎಕ್ಸ್‌ಟ್ರಾಕ್ಟ್, ಗ್ರೀನ್ ಕಾಫಿ ಎಂದಿದ್ದರೆ ಅಲ್ಲಿ ಕೆಫೀನ್ ಇದೆ. ಮೂರು, ‘ಪ್ರೊಪ್ರೈಟರಿ ಬ್ಲೆಂಡ್’ ಎಂದು ಹತ್ತು ಹೆಸರು ಸೇರಿಸಿ ಒಟ್ಟು ತೂಕ ಮಾತ್ರ ಕೊಟ್ಟಿದ್ದರೆ ಯಾವುದು ಎಷ್ಟಿದೆ ಎಂದು ತಿಳಿಯುವ ದಾರಿಯೇ ಇಲ್ಲ. ಅಂಥದ್ದನ್ನು ಕೊಳ್ಳಬೇಡಿ ಎಂಬುದು ನನ್ನ ಖಂಡಿತ ಮಾತು. ತಲೆಯಲ್ಲಿ ಏನಾದರೂ ಆದಾಗ ಕಾರಣ ಹುಡುಕಲು ಅದು ಅವಕಾಶವನ್ನೇ ಕೊಡುವುದಿಲ್ಲ.

ಲೇಬಲ್ ಸರಿಯಾಗಿದ್ದರೆ ನಂಬಬಹುದೇ?

ಪೂರ್ತಿ ಅಲ್ಲ. ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ 10 ಇಂಥ ಸಪ್ಲಿಮೆಂಟ್‌ಗಳನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಲ್ಲಿ ಅನುಮತಿಯೇ ಇಲ್ಲದ ಐದು ಬಗೆಯ ಔಷಧಗಳು ಸಿಕ್ಕವು. ಲೇಬಲ್‌ನಲ್ಲಿದ್ದ ಪ್ರಮಾಣಕ್ಕೂ ಒಳಗಿದ್ದುದಕ್ಕೂ ಹಲವು ಕಡೆ ತಾಳೆಯಾಗಲಿಲ್ಲ. ವಿದೇಶದಿಂದ ತರಿಸುವಾಗ ಇದು ನೆನಪಿರಲಿ. ನಮ್ಮಲ್ಲಿ ಮಾರುವ ಡಬ್ಬಿಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಸಂಖ್ಯೆ ಇರಬೇಕು. ಆದರೆ ಅದಿದ್ದರೆ ತಲೆನೋವು ಬಾರದು ಎಂದೇನೂ ಅರ್ಥವಲ್ಲ.

ಜಿಮ್‌ಗೆ ಹೋಗುವ ಮುಂಚೆ ಕುಡಿಯುವ ಪುಡಿಯನ್ನು ಧ್ಯಾನಕ್ಕೂ ಮುಂಚೆ ಕುಡಿದೆ. ನೆತ್ತಿ, ಕಿವಿ, ಬೆರಳ ಮೇಲೆ ಇರುವೆ ಹರಿದಂತಾಯಿತು.

ಅದರಲ್ಲಿ ಬೀಟಾ ಅಲನೀನ್ ಇರುತ್ತದೆ. ಚರ್ಮದ ತುರಿಕೆ ನರಗಳನ್ನು ಅದು ಕೆಣಕುತ್ತದೆ. ಒಂದೆರಡು ಗಂಟೆಯಲ್ಲಿ ಹೋಗುತ್ತದೆ, ಅಪಾಯವಿಲ್ಲ. ಅದರ ಜೊತೆ ಇರುವ ಕೆಫೀನ್ ಎಷ್ಟೆಂದು ಮಾತ್ರ ನೋಡಿಕೊಳ್ಳಿ.

ಪಿರಾಸೆಟಮ್ ತೆಗೆದುಕೊಂಡರೆ ತಲೆ ಭಾರವಾಗುತ್ತದೆ. ಕೋಲಿನ್ ಸೇರಿಸಿದರೆ ಸರಿಹೋಗುತ್ತದೆ ಎನ್ನುತ್ತಾರಲ್ಲ?

ಈ ಸಲಹೆ ಬಳಕೆದಾರರ ಬಾಯಿಂದ ಬಾಯಿಗೆ ಬಂದದ್ದು. ಪಿರಾಸೆಟಮ್ ಅಸಿಟೈಲ್‌ಕೋಲಿನ್ ಎಂಬ ಮಿದುಳಿನ ರಾಸಾಯನಿಕದ ಬಳಕೆಯನ್ನು ಹೆಚ್ಚಿಸುತ್ತದೆ, ಅದನ್ನು ತಯಾರಿಸಲು ಬೇಕಾದ ಕೋಲಿನ್ ಎಂಬ ಪೋಷಕಾಂಶ ಕಡಿಮೆ ಬಿದ್ದು ತಲೆನೋವು ಬರುತ್ತದೆ ಎಂಬ ತರ್ಕ ಕೇಳಲು ಚೆನ್ನಾಗಿದೆ, ಗಟ್ಟಿ ಪುರಾವೆ ಇಲ್ಲ. ಕೋಲಿನ್ ಹೆಚ್ಚಾದರೂ ತಲೆನೋವು, ಬೆವರು, ಹೊಟ್ಟೆ ತೊಳಸು ಬರುತ್ತದೆ. ಮೈಗೆ ಮೀನಿನ ವಾಸನೆ ಬರುವುದೂ ಉಂಟು. ಒಂದು ಮಾತ್ರೆಯ ತೊಂದರೆಗೆ ಇನ್ನೊಂದು ಮಾತ್ರೆ ಸೇರಿಸಿದರೆ ಹುಡುಕಬೇಕಾದ ಕಾರಣಗಳು ಎರಡಾಗುತ್ತವೆ. ಮೊದಲನೆಯದು ನಿಮಗೆ ಬೇಕೇ ಎಂದು ಬರೆದುಕೊಟ್ಟ ವೈದ್ಯರನ್ನು ಕೇಳಿ. ಯಾರೂ ಬರೆದುಕೊಟ್ಟಿಲ್ಲದಿದ್ದರೆ ಉತ್ತರ ಅಲ್ಲೇ ಇದೆ.

ಕಾಫಿಗೂ ಇದಕ್ಕೂ ಸಂಬಂಧವಿದೆಯೇ? ಶಿಬಿರಕ್ಕೆ ಹೋದ ಎರಡನೇ ದಿನ ತಲೆ ಸಿಡಿಯುವಂತಾಯಿತು.

ಬಹಳ ಸಂಬಂಧವಿದೆ. ಕೆಫೀನ್ ಮಿದುಳಿನಲ್ಲಿ ನಿದ್ದೆ ಬರಿಸುವ ಅಡೆನೊಸಿನ್ ಎಂಬ ರಾಸಾಯನಿಕ ಕೂರುವ ಜಾಗಗಳನ್ನು ಆಕ್ರಮಿಸುತ್ತದೆ, ರಕ್ತನಾಳಗಳನ್ನು ಸ್ವಲ್ಪ ಕಿರಿದಾಗಿಸುತ್ತದೆ. ದಿನಾ ಕುಡಿಯುವವರು ಥಟ್ಟನೆ ನಿಲ್ಲಿಸಿದರೆ 12ರಿಂದ 24 ಗಂಟೆಯಲ್ಲಿ ತಲೆನೋವು ಶುರುವಾಗಿ ಒಂದೆರಡು ದಿನದಲ್ಲಿ ತೀವ್ರವಾಗುತ್ತದೆ. ಎರಡರಿಂದ ಒಂಬತ್ತು ದಿನ ಇರಬಹುದು. ಜೊತೆಗೆ ಮಂಕು, ಸಿಡುಕು, ಬೇಸರ. ಹತ್ತು ದಿನದ ಮೌನ ಶಿಬಿರದ ಎರಡನೇ ದಿನಕ್ಕೆ ಇದು ಸರಿಯಾಗಿ ಹೊಂದಿಕೊಳ್ಳುತ್ತದೆ. ‘ಒಳಗಿನ ಕಲ್ಮಶ ಹೊರಬರುತ್ತಿದೆ’ ಎಂದುಕೊಂಡವರಲ್ಲಿ ಎಷ್ಟೋ ಜನ ಮನೆಯಲ್ಲಿ ದಿನಕ್ಕೆ ನಾಲ್ಕು ಲೋಟ ಫಿಲ್ಟರ್ ಕಾಫಿ ಕುಡಿಯುತ್ತಿದ್ದವರು. ಹೊರಡುವುದಕ್ಕೆ ಎರಡು ವಾರ ಮೊದಲೇ ಒಂದೊಂದು ಲೋಟ ಕಡಿಮೆ ಮಾಡುತ್ತ ಬನ್ನಿ.

ಹೆಚ್ಚಾದರೂ ತೊಂದರೆಯೇ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿ.ಗ್ರಾಂ ಕೆಫೀನ್ ಮಿತಿ ಎನ್ನುತ್ತದೆ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಗರ್ಭಿಣಿಯರಿಗೆ ಮಿತಿ ಇನ್ನೂ ಕಡಿಮೆ. 200 ಮಿ.ಗ್ರಾಂ ಮಾತ್ರೆಯ ಮೇಲೆ ಎರಡು ಲೋಟ ಕಾಫಿ ಕುಡಿದು ಕಣ್ಣು ಮುಚ್ಚಿ ಕೂತರೆ ಕಪಾಲದಲ್ಲಿ ನಾಡಿ ಬಡಿಯುವುದು ಕೇಳಿಸುತ್ತದೆ, ಎದೆ ಢವಗುಟ್ಟುತ್ತದೆ. ಅದು ಕೆಫೀನಿನ ಕೆಲಸ.

ಬ್ರಾಹ್ಮಿ ನಮ್ಮ ಮನೆಯ ತಂಬುಳಿಯಲ್ಲೇ ಇರುತ್ತದೆ. ಅದರ ಕ್ಯಾಪ್ಸೂಲ್‌ನಿಂದ ಏನು ತೊಂದರೆ?

ಕರಾವಳಿ, ಮಲೆನಾಡಿನ ತಂಬುಳಿಗೆ ಹಾಕುವುದು ಒಂದೆಲಗ, ತುಳುವಿನ ತಿಮರೆ. ಗದ್ದೆಯ ಬದುವಿನಲ್ಲಿ ಹಬ್ಬುವ, ದುಂಡನೆಯ ಎಲೆಯ ಆ ಗಿಡದ ಸಸ್ಯಶಾಸ್ತ್ರೀಯ ಹೆಸರು ಸೆಂಟೆಲ್ಲಾ ಏಷ್ಯಾಟಿಕಾ. ನೂಟ್ರೋಪಿಕ್ ಕ್ಯಾಪ್ಸೂಲ್‌ನಲ್ಲಿರುವುದು ಸಾಮಾನ್ಯವಾಗಿ ಬಕೋಪಾ ಮೊನ್ನಿಯೇರಿ, ಅಂದರೆ ಸಣ್ಣ ದಪ್ಪ ಎಲೆಯ ನೀರುಬ್ರಾಹ್ಮಿ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ದಶಕಗಳ ಕಾಲ ಅಧ್ಯಯನ ಮಾಡಿದ್ದು ಈ ಗಿಡವನ್ನು. ಎರಡೂ ಬ್ರಾಹ್ಮಿ ಎಂದೇ ಮಾರಾಟವಾಗುವುದರಿಂದ ಅಜ್ಜಿಯ ತಂಬುಳಿಯ ಅನುಭವವನ್ನು ಕ್ಯಾಪ್ಸೂಲ್‌ಗೆ ಹೊಂದಿಸಿ ನೋಡುವುದು ಸರಿಯಲ್ಲ. ಸಾರ ತೆಗೆದ ಪುಡಿಯ ಪ್ರಮಾಣವೂ ಬೇರೆ. ಬಕೋಪಾ ಪ್ರಯೋಗಗಳಲ್ಲಿ ದಿನಕ್ಕೆ ಸುಮಾರು 300 ಮಿ.ಗ್ರಾಂ ಸಾರವನ್ನು 12 ವಾರಗಳವರೆಗೆ ಕೊಟ್ಟು ನೋಡುವುದು ರೂಢಿ. ಅದರ ಮುಖ್ಯ ತಕರಾರು ಹೊಟ್ಟೆಯದು: ತೊಳಸು, ಹೊಟ್ಟೆ ಹಿಡಿತ, ಪದೇ ಪದೇ ಭೇದಿ. ಖಾಲಿ ಹೊಟ್ಟೆಯಲ್ಲಿ ಬೆಳಗಿನ ಜಾವ ನುಂಗಿ ಧ್ಯಾನಕ್ಕೆ ಕೂತು ತಲೆ ಹಗುರಾದಂತೆ, ತೇಲಿದಂತೆ ಅನಿಸುವವರು ಊಟದ ಜೊತೆ ತೆಗೆದುಕೊಂಡು ನೋಡಬೇಕು.

ಅಶ್ವಗಂಧ?

ಮಂಪರು ಸಾಮಾನ್ಯ. ಥೈರಾಯ್ಡ್ ಹಾರ್ಮೋನ್ ಏರಿಸಬಹುದು. ವಿರಳವಾಗಿ ಯಕೃತ್ತಿಗೆ ಹಾನಿಯಾದ ವರದಿಗಳಿವೆ, ಡೆನ್ಮಾರ್ಕ್ 2023ರಲ್ಲಿ ನಿಷೇಧಿಸಿತು. ಕಣ್ಣು ಹಳದಿಯಾದರೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ ಕೂಡಲೇ ನಿಲ್ಲಿಸಿ ವೈದ್ಯರನ್ನು ನೋಡಿ. ಗರ್ಭಿಣಿಯರಿಗೆ ಬೇಡವೇ ಬೇಡ.

ಮಾತ್ರೆ ಏನೂ ಇಲ್ಲ. ಆದರೂ ಹುಬ್ಬುಗಳ ನಡುವೆ ಯಾರೋ ಬೆರಳಿಟ್ಟು ಒತ್ತಿದಂತೆ ಇರುತ್ತದೆ. ಧ್ಯಾನ ಮುಗಿದ ಮೇಲೂ ಹೋಗುವುದಿಲ್ಲ.

ಇದನ್ನು ಮನೆಯಲ್ಲೇ ಪರೀಕ್ಷಿಸಿ. ಎಂದಿನಂತೆ ಕೂತು, ತೋರುಬೆರಳನ್ನು ಒಂದು ಹುಬ್ಬಿನ ಒಳತುದಿಯ ಮೇಲೆ, ನಡುಬೆರಳನ್ನು ಇನ್ನೊಂದರ ಮೇಲೆ ಹಗುರವಾಗಿ ಇಡಿ. ಈಗ ಮನಸ್ಸನ್ನು ಭ್ರೂಮಧ್ಯಕ್ಕೆ ತನ್ನಿ. ಬೆರಳುಗಳು ಒಂದರ ಕಡೆಗೊಂದು ಕೂದಲೆಳೆಯಷ್ಟು ಸರಿದವೇ? ಮೂಗಿನ ಬುಡ ಸುಕ್ಕಾಯಿತೇ? ಮುಚ್ಚಿದ ರೆಪ್ಪೆಯ ಹಿಂದೆ ಕಣ್ಣುಗುಡ್ಡೆಗಳು ಮೇಲಕ್ಕೂ ಒಳಕ್ಕೂ ಹೊರಳಿದವೇ? ಹಲ್ಲುಗಳು ಒಂದಕ್ಕೊಂದು ತಾಗಿದವೇ? ಬಹಳ ಜನರಿಗೆ ಇವುಗಳಲ್ಲಿ ಎರಡಾದರೂ ಆಗುತ್ತವೆ, ಅವರ ಅರಿವಿಗೆ ಬಂದಿರುವುದಿಲ್ಲ ಅಷ್ಟೆ. ಗಮನ ಇಡುವುದಕ್ಕೂ ದಿಟ್ಟಿಸುವುದಕ್ಕೂ ದೇಹ ಬಳಸುವ ಸ್ನಾಯುಗಳು ಒಂದೇ. ಅರ್ಧ ಗಂಟೆ ಹುಬ್ಬು ಗಂಟಿಕ್ಕಿ, ಕಣ್ಣು ಮೇಲೆತ್ತಿ, ದವಡೆ ಕಚ್ಚಿ ಕೂತರೆ ಹಣೆಗೆ ಪಟ್ಟಿ ಕಟ್ಟಿದಂಥ ಬಿಗಿತ ಬಂದೇ ಬರುತ್ತದೆ. ಇದು ಸ್ನಾಯು ಬಿಗಿತದ ತಲೆನೋವಿನ ಅಕ್ಕನೋ ತಂಗಿಯೋ.

ಪರಿಹಾರ ಸರಳ. ನಾಲಿಗೆ ಸಡಿಲ ಬಿಡಿ, ಮೇಲಿನ ಕೆಳಗಿನ ಹಲ್ಲುಗಳ ನಡುವೆ ಅಂತರವಿರಲಿ. ಕಣ್ಣು ಕೆಳಮುಖವಾಗಿ, ಮಡಿಲನ್ನು ನೋಡುವಂತೆ ಇರಲಿ. ಗಮನವನ್ನು ಹಣೆಯಿಂದ ಹೊಕ್ಕುಳ ಕೆಳಗೆ ಇಲ್ಲವೇ ಅಂಗಾಲಿಗೆ ಇಳಿಸಿ. ಎರಡು ವಾರ ಭ್ರೂಮಧ್ಯದ ಸಾಧನೆಯನ್ನೂ ದೀಪದಂಥದ್ದನ್ನು ರೆಪ್ಪೆ ಬಡಿಯದೆ ದಿಟ್ಟಿಸುವ ತ್ರಾಟಕವನ್ನೂ ಪೂರ್ತಿ ಬಿಡಿ. ಬಿಗಿತ ಕಡಿಮೆಯಾಯಿತೆಂದರೆ ಕಾರಣ ಗೊತ್ತಾದಂತೆ. ‘ಆಜ್ಞಾಚಕ್ರ ಮುಚ್ಚಿಹೋದೀತು’ ಎಂಬ ಭಯದಿಂದ ನೋವನ್ನು ಸಾಕಿಕೊಳ್ಳುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ವಿಪಶ್ಯನ ಶಿಬಿರದ ನಂತರ ನೆತ್ತಿಯ ಜುಮ್ಮು ನಿಲ್ಲುತ್ತಲೇ ಇಲ್ಲ.

ಆ ಕ್ರಮದಲ್ಲಿ ಮೊದಲ ಮೂರು ದಿನ ಮೂಗಿನ ಕೆಳಗಿನ ಪುಟ್ಟ ಜಾಗದಲ್ಲಿ ಉಸಿರಿನ ಸ್ಪರ್ಶ ಗಮನಿಸುತ್ತೀರಿ, ಆಮೇಲೆ ನೆತ್ತಿಯಿಂದ ಶುರುಮಾಡಿ ಮೈಯೆಲ್ಲ. ದಿನಕ್ಕೆ ಹತ್ತು ಗಂಟೆಯ ಹಾಗೆ ಹತ್ತು ದಿನ ಮಾಡಿದ ಮೇಲೆ ನೆತ್ತಿಯ ಸೂಕ್ಷ್ಮ ಸಂವೇದನೆ ತಾನಾಗಿ ಕಾಣಿಸಿಕೊಳ್ಳುವುದು ಸಹಜ. ಚರ್ಮದಿಂದ ಸುದ್ದಿ ಸದಾ ಬರುತ್ತಲೇ ಇರುತ್ತದೆ, ಮಿದುಳು ಅದನ್ನು ಸೋಸಿ ಬಿಡುತ್ತದೆ. ನೀವು ಸೋಸಬೇಡ ಎಂದು ಹೇಳಿಕೊಟ್ಟಿದ್ದೀರಿ. ಈಗಲೇ ನಿಮ್ಮ ಎಡ ಅಂಗೈಯನ್ನು ಒಂದು ನಿಮಿಷ ಸುಮ್ಮನೆ ಗಮನಿಸಿ, ಅಲ್ಲೂ ಏನೋ ಮಿಡಿಯುತ್ತದೆ. ನೆತ್ತಿಯ ಜುಮ್ಮು ಇದೆಯೇ ಎಂದು ಗಂಟೆಗೊಮ್ಮೆ ಪರೀಕ್ಷಿಸುವುದನ್ನು ಬಿಟ್ಟರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಮಂಕಾಗುತ್ತದೆ. ಹೊಲ, ತೋಟ, ಅಡುಗೆ, ನಡಿಗೆ, ಕೈಕಾಲಿಗೆ ದುಡಿತ ಕೊಡುವ ಯಾವುದಾದರೂ ಆದೀತು.

ಜುಮ್ಮು ನೆತ್ತಿಯಲ್ಲಲ್ಲದೆ ಎರಡೂ ಪಾದ, ಬೆರಳುಗಳಲ್ಲಿ ಶುರುವಾಗಿ ಏರುತ್ತಿದ್ದರೆ ಮಾತು ಬೇರೆ. ಮಲ್ಟಿವಿಟಮಿನ್, ಮೆಗ್ನೀಷಿಯಂ, ‘ನರಗಳ ಶಕ್ತಿ’ಯ ಮಾತ್ರೆ ಎಂದು ಎರಡು ಮೂರು ಡಬ್ಬಿಗಳಿಂದ ಬಿ6 ಸೇರಿಕೊಂಡರೆ ಅದೇ ನರಗಳನ್ನು ಹಾಳುಮಾಡುತ್ತದೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2023ರಲ್ಲಿ ಬಿ6ರ ದಿನದ ಗರಿಷ್ಠ ಮಿತಿಯನ್ನು 12 ಮಿ.ಗ್ರಾಂಗೆ ಇಳಿಸಿತು. ಬಿ12 ಕೊರತೆಯೂ ಹೀಗೇ ಕಾಣಿಸುತ್ತದೆ, ಸಸ್ಯಾಹಾರಿಗಳು ರಕ್ತ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಕಪಾಲಭಾತಿ, ಭಸ್ತ್ರಿಕಾ ಮಾಡಿದಾಗ ತಲೆ ಗಿರ್ರೆನ್ನುತ್ತದೆ, ತುಟಿ, ಬೆರಳು ಜೋಮು ಹಿಡಿಯುತ್ತವೆ.

ವೇಗವಾಗಿ ಉಸಿರಾಡಿದಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಅದು ಇಳಿದರೆ ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ, ತಲೆ ಹಗುರಾಗುತ್ತದೆ, ಕಣ್ಣ ಮುಂದೆ ಬೆಳಕಿನ ಚುಕ್ಕೆಗಳು ಮಿನುಗುತ್ತವೆ. ರಕ್ತದ ಕ್ಷಾರತೆ ಏರಿ, ನರಗಳಿಗೆ ಸಿಗುವ ಕ್ಯಾಲ್ಸಿಯಂ ಕಡಿಮೆಯಾಗಿ ತುಟಿ, ಬೆರಳು ಜುಮ್ಮೆನ್ನುತ್ತವೆ. ಹೆಚ್ಚಾದರೆ ಬೆರಳುಗಳು ಸೆಟೆದುಕೊಳ್ಳುತ್ತವೆ. ‘ಮಿದುಳಿಗೆ ಹೆಚ್ಚು ಆಮ್ಲಜನಕ ಸಿಗುತ್ತಿದೆ’ ಎಂದು ಹೇಳಿಕೊಡುವುದು ತಿರುಗುಮುರುಗು: ಆ ಹೊತ್ತಿಗೆ ಮಿದುಳಿಗೆ ಹೋಗುವ ರಕ್ತ ಕಡಿಮೆಯಾಗಿರುತ್ತದೆ. ನಿಲ್ಲಿಸಿ, ನಿಧಾನವಾಗಿ ಉಸಿರಾಡಿದರೆ ಕೆಲವೇ ನಿಮಿಷದಲ್ಲಿ ಸರಿಹೋಗುತ್ತದೆ. ಕೆಫೀನ್ ಮಾತ್ರೆಯ ಮೇಲೆ ಭಸ್ತ್ರಿಕಾ ಮಾಡಬೇಡಿ, ಕೆಫೀನ್ ಕೂಡ ಅದೇ ರಕ್ತನಾಳಗಳನ್ನು ಕಿರಿದಾಗಿಸುತ್ತದೆ. ರಕ್ತದೊತ್ತಡ, ಗ್ಲಾಕೋಮಾ, ಮೂರ್ಛೆರೋಗ ಇರುವವರು, ಗರ್ಭಿಣಿಯರು ಈ ರಭಸದ ಉಸಿರಾಟಗಳಿಂದ ದೂರವಿರಬೇಕು.

ಪರಂಪರೆಗೂ ಇದು ಹೊಸದಲ್ಲ. ಪ್ರಾಣಾಯಾಮ ತಪ್ಪಿದರೆ ಬಿಕ್ಕಳಿಕೆ, ದಮ್ಮು, ಕೆಮ್ಮು, ತಲೆ, ಕಿವಿ, ಕಣ್ಣುಗಳ ನೋವು ಬರುತ್ತವೆ ಎಂದು ಹಠಯೋಗ ಪ್ರದೀಪಿಕೆ ಎರಡನೇ ಅಧ್ಯಾಯದಲ್ಲೇ ಎಚ್ಚರಿಸಿದೆ.

ಧ್ಯಾನದಲ್ಲಿ ಕಿವಿಯೊಳಗೆ ನಾದ ಕೇಳುತ್ತದೆ. ನಿದ್ದೆಗೆ ಜಾರುವಾಗ ಒಮ್ಮೆ ತಲೆಯೊಳಗೆ ಬಾಂಬ್ ಸಿಡಿದಂತಾಯಿತು.

ಎರಡು ಬೇರೆ ವಿಷಯ. 1953ರಲ್ಲಿ ಶಬ್ದವೇ ಇಲ್ಲದ ಕೋಣೆಯಲ್ಲಿ ಕಿವಿ ಸರಿಯಿದ್ದವರನ್ನು ಕೂರಿಸಿ ಕೇಳಿದಾಗ ಶೇ 94 ಜನ ಏನಾದರೊಂದು ಸದ್ದು ಕೇಳಿಸಿತು ಎಂದರು. ಹೊರಗಿನ ಸದ್ದು ನಿಂತರೆ ಶ್ರವಣ ವ್ಯವಸ್ಥೆಯ ಸ್ವಂತ ಸದ್ದು ಮೇಲೆ ಬರುತ್ತದೆ. ಅದನ್ನು ಆಧಾರವಾಗಿಟ್ಟು ನಾದಾನುಸಂಧಾನ, ಅಂದರೆ ಒಳಗಿನ ನಾದದ ಮೇಲೆ ಧ್ಯಾನ ಮಾಡುವವರು ಮಾಡಲಿ, ಅಡ್ಡಿಯಿಲ್ಲ. ಒಂದೇ ಕಿವಿಯಲ್ಲಿ ಕೇಳಿದರೆ, ಕೇಳಿಸುವುದು ಕಡಿಮೆಯಾದರೆ ಇಎನ್‌ಟಿ ವೈದ್ಯರಿಗೆ ತೋರಿಸಿ. ಎದೆಬಡಿತದ ತಾಳಕ್ಕೆ ಸರಿಯಾಗಿ ಬುಸ್ ಬುಸ್ ಎಂದರೂ ತೋರಿಸಬೇಕು. ಅದರ ಜೊತೆ ತಲೆನೋವು, ಕ್ಷಣಕಾಲ ಕಣ್ಣು ಕತ್ತಲಿಡುವುದು ಇದ್ದರೆ ತಲೆಬುರುಡೆಯೊಳಗಿನ ದ್ರವದ ಒತ್ತಡ ಏರಿರಬಹುದು. ಎ ಜೀವಸತ್ವದ ಅತಿ ಸೇವನೆಯೂ ಇದಕ್ಕೆ ಒಂದು ಕಾರಣ.

ಎರಡನೆಯದಕ್ಕೆ ವೈದ್ಯಕೀಯದಲ್ಲಿ ‘ಎಕ್ಸ್‌ಪ್ಲೋಡಿಂಗ್ ಹೆಡ್ ಸಿಂಡ್ರೋಮ್’ ಎನ್ನುತ್ತಾರೆ. ಹೆಸರು ಕೇಳಲು ಭಯಂಕರ, ನೋವೇ ಇರುವುದಿಲ್ಲ, ಹಾನಿಯೂ ಇಲ್ಲ. ನಿದ್ದೆಗೆಟ್ಟಾಗ, ಒತ್ತಡದಲ್ಲಿದ್ದಾಗ ಹೆಚ್ಚು.

ಕಣ್ಣು ಪಕ್ಕಕ್ಕೆ ಹೊರಳಿಸಿದರೆ ತಲೆಯೊಳಗೆ ಕರೆಂಟ್ ಹೊಡೆದಂತೆ ಚುರ್ ಎನ್ನುತ್ತದೆ.

ಖಿನ್ನತೆ ಅಥವಾ ಆತಂಕಕ್ಕೆ ತೆಗೆದುಕೊಳ್ಳುತ್ತಿದ್ದ ಮಾತ್ರೆಯನ್ನು ಇತ್ತೀಚೆಗೆ ನಿಲ್ಲಿಸಿದಿರಾ, ನಡುನಡುವೆ ತಪ್ಪಿಸಿದಿರಾ? ಪ್ಯಾರಾಕ್ಸೆಟಿನ್, ವೆನ್‌ಲಾಫ್ಯಾಕ್ಸಿನ್‌ನಂಥವನ್ನು ಥಟ್ಟನೆ ಬಿಟ್ಟಾಗ ಬರುವ ಲಕ್ಷಣ ಇದು. ‘ಧ್ಯಾನ ಶುರುಮಾಡಿದ್ದೇನೆ, ಬ್ರಾಹ್ಮಿ ಇದೆ, ಇನ್ನು ಮಾತ್ರೆ ಯಾಕೆ’ ಎಂದು ತಾವೇ ನಿಲ್ಲಿಸುವವರಲ್ಲಿ ಕಾಣುತ್ತದೆ, ಆಮೇಲೆ ಅದನ್ನೇ ಧ್ಯಾನದ ಫಲ ಎಂದುಕೊಳ್ಳುತ್ತಾರೆ. ಬರೆದುಕೊಟ್ಟ ವೈದ್ಯರಿಗೆ ಫೋನ್ ಮಾಡಿ. ಅವರು ಹಂತಹಂತವಾಗಿ ಇಳಿಸುವ ಕ್ರಮ ಹೇಳುತ್ತಾರೆ. ಮಾತ್ರೆಯ ಚರಿತ್ರೆ ಇಲ್ಲದೆ, ಕತ್ತಿನ ಹಿಂದಿನಿಂದ ನೆತ್ತಿಗೆ ಚುಳ್ಳೆಂದು ಹೊಡೆದರೆ ಅದು ಹಿಂದಲೆಯ ನರದ ನೋವಿರಬಹುದು. ತಲೆ ಮುಂದೆ ಚಾಚಿ ಕೂರುವ ಭಂಗಿಯನ್ನು ಮೊದಲು ತಿದ್ದಿ.

ಹಾಗಾದರೆ ಆಧ್ಯಾತ್ಮಿಕ ಅನುಭವ ಎಂಬುದೇ ಇಲ್ಲವೇ?

ಇಲ್ಲ ಎನ್ನುವ ಧೈರ್ಯ ನನಗಿಲ್ಲ, ಇಷ್ಟವೂ ಇಲ್ಲ. ಸಾಧನೆಯನ್ನು ಜೀವನದ ಮುಖ್ಯ ಕೆಲಸ ಎಂದುಕೊಂಡವರ ಬಗ್ಗೆ ನನಗೆ ಗೌರವವಿದೆ. ಆದರೆ ತಲೆಯಲ್ಲಾಗುವ ಒಂದು ಸಂವೇದನೆ ಸಾಧನೆಯ ಅಳತೆಗೋಲಲ್ಲ. ಈ ಮಾತನ್ನು ಹೇಳುವುದು ಸಾಧಕರ ಚರಿತ್ರೆಯೇ.

ಜಪಾನಿನ ಝೆನ್ ಗುರು ಹಕುಯಿನ್ (1686–1769) ಯೌವನದಲ್ಲಿ ಹಗಲು ರಾತ್ರಿ ಸಾಧನೆ ಮಾಡಿ ಕಾಯಿಲೆ ಬಿದ್ದರು. ತಲೆ ಎದೆ ಕಾದು, ಕಾಲು ಮಂಜಿನಲ್ಲಿಟ್ಟಂತೆ ತಣ್ಣಗಾಗಿ, ಕಿವಿಯಲ್ಲಿ ಹೊಳೆ ಹರಿದ ಸದ್ದು. ಅವರಿಗೆ ಒಬ್ಬ ಮುನಿ ಕಲಿಸಿದ ಉಪಾಯ, ನೆತ್ತಿಯ ಮೇಲಿಟ್ಟ ಬೆಣ್ಣೆಯ ಮುದ್ದೆ ಕರಗಿ ಭುಜ, ಎದೆ, ಸೊಂಟ ದಾಟಿ ಅಂಗಾಲಿನವರೆಗೆ ಇಳಿಯುತ್ತಿದೆ ಎಂದು ಭಾವಿಸುವುದು. ಹಕುಯಿನ್ ಅದನ್ನು ಸಿದ್ಧಿ ಎನ್ನಲಿಲ್ಲ, ಝೆನ್ ಕಾಯಿಲೆ ಎಂದೇ ಕರೆದು ಶಿಷ್ಯರಿಗೆ ಎಚ್ಚರಿಕೆ ಕೊಟ್ಟರು. ಗಮನವನ್ನು ಕೆಳಗಿಳಿಸಿ ಎಂದು ಮೇಲೆ ನಾನು ಹೇಳಿದ್ದೂ ಅದೇ ಜಾಡಿನದು. ನಮ್ಮ ಕಡೆ ತಲೆ ಕಾದರೆ ನೆತ್ತಿಗೆ ಹರಳೆಣ್ಣೆ ತಟ್ಟಿ ಎಣ್ಣೆಸ್ನಾನ ಮಾಡಿಸುತ್ತಾರೆ. ಕಾರಣ ಗುಣವಾಗದಿದ್ದರೂ ಮೈ ಹಗುರಾಗುತ್ತದೆ, ನಿದ್ದೆ ಬರುತ್ತದೆ, ಮಾಡಿ.

ಕಾಶ್ಮೀರದ ಗೋಪಿ ಕೃಷ್ಣ ಸರ್ಕಾರಿ ನೌಕರರು, ನೆತ್ತಿಯಲ್ಲಿ ಕಮಲವನ್ನು ಭಾವಿಸಿ ವರ್ಷಗಳ ಕಾಲ ಧ್ಯಾನ ಮಾಡಿದವರು. 1937ರ ಡಿಸೆಂಬರಿನಲ್ಲಿ ಜಮ್ಮುವಿನಲ್ಲಿ ಬೆಳಕಿನ ಹೊಳೆ ಬೆನ್ನಿನಿಂದ ತಲೆಗೆ ನುಗ್ಗಿದಂಥ ಅನುಭವವಾಯಿತು. ಅದರ ಬೆನ್ನಿಗೇ ಬಂದದ್ದು ಉರಿ, ನಿದ್ರಾಹೀನತೆ, ಊಟ ಸೇರದಿರುವಿಕೆ, ಸಾವಿನ ಅಂಚಿನ ಭಯ. ಕುಂಡಲಿನಿಯ ಪ್ರಬಲ ಪ್ರತಿಪಾದಕರಾದ ಅವರೂ ಆ ದಿನಗಳನ್ನು ಸುಖವೆಂದು ಬಣ್ಣಿಸಲಿಲ್ಲ.

ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಜೇರೆಡ್ ಲಿಂಡಾಲ್ ಮತ್ತು ವಿಲ್ಲೊಬಿ ಬ್ರಿಟನ್ ತಂಡ ಧ್ಯಾನಿಗಳನ್ನೂ ಧ್ಯಾನಗುರುಗಳನ್ನೂ ಸಂದರ್ಶಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 59 ಬಗೆಯ ಅನುಭವಗಳನ್ನು ಗುರುತಿಸಿತು. ಒತ್ತಡ, ತಲೆನೋವು, ಬಿಸಿ-ತಂಪು, ಮೈಯಲ್ಲಿ ವಿದ್ಯುತ್ ಹರಿದಂತಾಗುವುದು ಎಲ್ಲ ಅದರಲ್ಲಿವೆ. ಒಂದೇ ಅನುಭವ ಒಬ್ಬರಿಗೆ ಹಿತ, ಇನ್ನೊಬ್ಬರಿಗೆ ಬದುಕೇ ಅಸ್ತವ್ಯಸ್ತ. ಆದ್ದರಿಂದ ಅನುಭವದ ಹೆಸರಿಗಿಂತ ನಿಮ್ಮ ಊಟ, ನಿದ್ದೆ, ಕೆಲಸ, ಮನೆಯವರ ಜೊತೆಗಿನ ಮಾತು ನೆಟ್ಟಗಿದೆಯೇ ಎಂದು ನೋಡುವುದು ಮುಖ್ಯ.

ನಾಲ್ಕು ದಿನದಿಂದ ನಿದ್ದೆಯೇ ಬೇಡ ಅನಿಸುತ್ತಿದೆ, ತಲೆಯಲ್ಲಿ ಅಪಾರ ಶಕ್ತಿ, ಎಲ್ಲದರ ಅರ್ಥ ಹೊಳೆಯುತ್ತಿದೆ.

ಧ್ಯಾನ, ಪ್ರಾಣಾಯಾಮ, ಎಲ್ಲ ಸಪ್ಲಿಮೆಂಟ್, ಕಾಫಿ ಇವತ್ತೇ ನಿಲ್ಲಿಸಿ. ಮನೆಯವರಿಗೆ ಹೇಳಿ, ಇವತ್ತೇ ಮನೋವೈದ್ಯರನ್ನು ನೋಡಿ. ಇದು ಉನ್ಮಾದದ ಆರಂಭ ಇರಬಹುದು. ಬೇಗ ಚಿಕಿತ್ಸೆ ಸಿಕ್ಕರೆ ಬೇಗ ಹತೋಟಿಗೆ ಬರುತ್ತದೆ, ತಡವಾದರೆ ದುಡ್ಡು, ಕೆಲಸ, ಸಂಬಂಧ ಎಲ್ಲಕ್ಕೂ ಏಟು. ಈ ಸ್ಥಿತಿಯಲ್ಲಿರುವವರಿಗೆ ತಮಗೆ ಏನೂ ಆಗಿಲ್ಲ ಎಂದೇ ಅನಿಸುತ್ತದೆ, ಹಾಗಾಗಿ ಇದನ್ನು ಓದುತ್ತಿರುವ ಅಣ್ಣ, ಹೆಂಡತಿ, ಸ್ನೇಹಿತರು ಮುಂದಾಗಬೇಕು. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತುರ್ತು ವಿಭಾಗವಿದೆ.

ನಾನು ಐದು ಬಗೆಯ ಮಾತ್ರೆ ತೆಗೆದುಕೊಳ್ಳುತ್ತೇನೆ. ಯಾವುದರಿಂದ ಆಗುತ್ತಿದೆ ಎಂದು ಹೇಗೆ ಪತ್ತೆ ಹಚ್ಚುವುದು?

ವೈದ್ಯರು ಬರೆದದ್ದನ್ನು ಮುಟ್ಟಬೇಡಿ. ಸ್ವಂತಕ್ಕೆ ಕೊಂಡದ್ದನ್ನೆಲ್ಲ ಎರಡು ವಾರ ನಿಲ್ಲಿಸಿ, ಧ್ಯಾನವನ್ನು ಮಾತ್ರ ಎಂದಿನ ಹೊತ್ತು, ಎಂದಿನ ಅವಧಿಗೆ ಮುಂದುವರಿಸಿ. ಕೆಫೀನ್ ಮಾತ್ರ ನಿಧಾನವಾಗಿ ಇಳಿಸಿ. ನೂಟ್ರೋಪಿಕ್ ಹೆಸರಿನಲ್ಲಿ ಮಾರುವ ಫೆನಿಬಟ್ ಅಥವಾ ಟಿಯಾನೆಪ್ಟಿನ್ ಎಂಬ ಔಷಧಗಳನ್ನು ತೆಗೆದುಕೊಳ್ಳುತ್ತಿದ್ದರೆ ನೀವಾಗಿ ಥಟ್ಟನೆ ನಿಲ್ಲಿಸಬೇಡಿ, ಅವು ಚಟ ಹತ್ತಿಸುವಂಥವು, ಬಿಡಿಸುವಾಗ ವೈದ್ಯರ ನೆರವು ಬೇಕೇ ಬೇಕು. ದಿನಾ ಒಂದು ಸಾಲು ಬರೆಯಿರಿ: ಎಷ್ಟು ಹೊತ್ತಿಗೆ ಏನು ನುಂಗಿದಿರಿ, ಎಷ್ಟು ಗಂಟೆ ನಿದ್ದೆ, ಎಷ್ಟು ನೀರು, ತಲೆಯ ಯಾವ ಭಾಗದಲ್ಲಿ ಏನಾಯಿತು, ಎಷ್ಟು ನಿಮಿಷ ಇತ್ತು.

ಎರಡು ವಾರದಲ್ಲಿ ತೊಂದರೆ ಹೋದರೆ ಒಂದೊಂದನ್ನೇ ವಾರಕ್ಕೊಂದರಂತೆ ಮತ್ತೆ ಸೇರಿಸಿ ನೋಡಬಹುದು. ಹಲವರು ಈ ಹಂತಕ್ಕೆ ಬಂದಾಗ ಸೇರಿಸುವ ಅಗತ್ಯವೇ ಕಾಣುವುದಿಲ್ಲ. ಹೋಗದಿದ್ದರೆ ಈಗ ಮಾತ್ರೆಗಳ ಬದಲು ಧ್ಯಾನವನ್ನು ಬದಲಿಸಿ: ಅವಧಿ ಅರ್ಧಕ್ಕಿಳಿಸಿ, ಕಣ್ಣು ಅರೆತೆರೆದು ಕೂರಿ, ಅಥವಾ ನಡಿಗೆ ಧ್ಯಾನ ಮಾಡಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಏನೂ ತಿಳಿಯುವುದಿಲ್ಲ.

ತಲೆನೋವಿಗೆ ಮಾತ್ರೆ ನುಂಗಿ ಧ್ಯಾನ ಮುಂದುವರಿಸಬಹುದೇ?

ಅಪರೂಪಕ್ಕೆ ಸರಿ. ಸಾಮಾನ್ಯ ನೋವುನಿವಾರಕವನ್ನು ತಿಂಗಳಿಗೆ 15 ದಿನ, ಕೆಫೀನ್ ಸೇರಿದ ಮಿಶ್ರಣವನ್ನು 10 ದಿನ, ಹೀಗೆ ತಿಂಗಳುಗಟ್ಟಲೆ ನುಂಗಿದರೆ ಆ ಮಾತ್ರೆಯೇ ತಲೆನೋವು ತರುತ್ತದೆ.

ಬೇರೆ ಔಷಧಗಳ ಜೊತೆ ಯಾವುದು ಕೂಡದು?

ರಕ್ತ ತೆಳು ಮಾಡುವ ವಾರ್ಫರಿನ್, ಆಸ್ಪಿರಿನ್ ಜೊತೆ ಗಿಂಕೊ ಎಲೆಯ ಸಾರ ಬೇಡ, ರಕ್ತಸ್ರಾವದ ಅಪಾಯ. ಖಿನ್ನತೆಯ ಮಾತ್ರೆಯ ಜೊತೆ 5-ಎಚ್‌ಟಿಪಿ ಸಪ್ಲಿಮೆಂಟ್ ಅಥವಾ ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆ ಸೇರಿದರೆ ಸೆರೊಟೋನಿನ್ ಎಂಬ ಮಿದುಳಿನ ರಾಸಾಯನಿಕ ಅತಿಯಾಗಿ ತಳಮಳ, ನಡುಕ, ಬೆವರು, ಭೇದಿ, ಜ್ವರ ಬರಬಹುದು, ಅದು ತುರ್ತು ಪರಿಸ್ಥಿತಿ. ಮರೆವಿನ ಕಾಯಿಲೆಗೆ ಡೊನೆಪೆಜಿಲ್ ತೆಗೆದುಕೊಳ್ಳುವ ಹಿರಿಯರಿಗೆ ‘ನೆನಪಿಗೆ ಒಳ್ಳೆಯದು’ ಎಂದು ಹುಪರ್‌ಜೀನ್ ಸಪ್ಲಿಮೆಂಟ್ ಕೊಡಬೇಡಿ, ಎರಡೂ ಒಂದೇ ಕೆಲಸ ಮಾಡಿ ಎದೆಬಡಿತ ನಿಧಾನವಾಗಿಸುತ್ತವೆ. ಮೊಡಾಫಿನಿಲ್ ಮತ್ತು ಸೇಂಟ್ ಜಾನ್ಸ್ ವರ್ಟ್ ಗರ್ಭನಿರೋಧಕ ಮಾತ್ರೆಯ ಬಲ ಕುಗ್ಗಿಸುತ್ತವೆ. ನೆನಪಿನ ಮಾತ್ರೆಗಳಲ್ಲಿ ಸಿಗುವ ವಿನ್‌ಪೊಸೆಟಿನ್ ಗರ್ಭಪಾತಕ್ಕೆ ಕಾರಣವಾಗಬಹುದು ಎಂದು ಎಫ್‌ಡಿಎ 2019ರಲ್ಲಿ ಎಚ್ಚರಿಸಿತು. ಮಗು ಆಗಬಹುದಾದ ವಯಸ್ಸಿನ ಹೆಣ್ಣುಮಕ್ಕಳು ಅದನ್ನು ಮುಟ್ಟದಿರುವುದೇ ಸರಿ.

ವೈದ್ಯರ ಬಳಿ ಹೇಳಿದರೆ ನಗುತ್ತಾರೆ, ಬೈಯುತ್ತಾರೆ ಎಂಬ ಹಿಂಜರಿಕೆ. ಏನೆಂದು ಹೇಳುವುದು?

‘ಚಕ್ರ ತೆರೆದಂತಿದೆ’ ಎಂದು ಶುರುಮಾಡಿದರೆ ಮಾತು ಬೇರೆ ಕಡೆ ಹೋಗುತ್ತದೆ. ಜಾಗ, ಸಮಯ, ಅವಧಿ ಹೇಳಿ: ‘ಮೂರು ವಾರದಿಂದ, ಬೆಳಿಗ್ಗೆ ಧ್ಯಾನಕ್ಕೆ ಕೂತ ಹತ್ತು ನಿಮಿಷಕ್ಕೆ, ಹಣೆಯ ನಡುವೆ ಒತ್ತಡ ಶುರುವಾಗಿ ಒಂದು ಗಂಟೆ ಇರುತ್ತದೆ, ವಾಂತಿ ಇಲ್ಲ, ಕಣ್ಣಿನ ತೊಂದರೆ ಇಲ್ಲ.’ ಮೊದಲ ಭೇಟಿಗೆ ನಿಮ್ಮ ಬಡಾವಣೆಯ ಸಾಮಾನ್ಯ ವೈದ್ಯರು ಸಾಕು. ರಕ್ತದೊತ್ತಡ, ಕಣ್ಣಿನ ಪವರ್, ಹಿಮೋಗ್ಲೋಬಿನ್, ಬಿ12, ಥೈರಾಯ್ಡ್ ನೋಡಿಸಿದರೆ ಸ್ಕ್ಯಾನ್‌ಗೆ ಮುಂಚೆಯೇ ಕಾರಣ ಸಿಗುವುದುಂಟು. ಎಲ್ಲಕ್ಕಿಂತ ಮುಖ್ಯವಾಗಿ, ಮನೆಯಲ್ಲಿರುವ ಅಷ್ಟೂ ಡಬ್ಬಿಗಳನ್ನು, ಆನ್‌ಲೈನ್‌ನಲ್ಲಿ ತರಿಸಿದ್ದು, ಆಯುರ್ವೇದದ್ದು, ಗೆಳೆಯ ಕೊಟ್ಟದ್ದು ಸೇರಿಸಿ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲಿಡಿ. ಹೆಸರು ಬಾಯಿಪಾಠ ಒಪ್ಪಿಸುವಾಗ ಒಂದಾದರೂ ಬಿಟ್ಟುಹೋಗುತ್ತದೆ.